ಹಳೇ ಬಣ್ಣ, ಬ್ಯಾಟರಿ, ಕಲಾಯಿ: ಮನೆಯೊಳಗಿನ ಸೀಸವನ್ನು ಹುಡುಕಿ ದೂರ ಇಡುವ ಬಗೆ

ಗೌರಿ ಹಬ್ಬ ಹತ್ತಿರ ಬಂದಾಗ, ಇಲ್ಲವೇ ಮನೆಯಲ್ಲಿ ಮದುವೆ ಗೊತ್ತಾದಾಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಹಳೇ ಕಿಟಕಿ ಬಾಗಿಲಿನ ಬಣ್ಣ ಕೆರೆಸ್ತಾ ಇದ್ದೀವಿ. ಮನೇಲಿ ಚಿಕ್ಕ ಮಗು ಇದೆ. ಏನೂ ಆಗಲ್ಲ ಅಲ್ವಾ?" ಆಲೂರು, ಸಕಲೇಶಪುರ ಕಡೆಯವರು ಆನೆ ಬೇಲಿಯ ಬ್ಯಾಟರಿ ಬಗ್ಗೆ ಕೇಳುತ್ತಾರೆ. ಕಡೂರು, ಅರಸೀಕೆರೆಯವರದ್ದು ಬೋರ್‌ವೆಲ್ ನೀರಿನ ಚಿಂತೆ. ಒಬ್ಬೊಬ್ಬರಿಗೂ ಚೂರು ಚೂರು ಉತ್ತರ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆಯೋಣ ಅಂತ ಕೂತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಈಗಲೇ ಹೇಳಿಬಿಡುತ್ತೇನೆ, ಅದು ಕಾಯುವಂಥದ್ದಲ್ಲ. ತೊಂದರೆ ಆಗಬಹುದು. ಹಳೇ ಎಣ್ಣೆ ಬಣ್ಣವನ್ನು ಒಣಗಿದ್ದ ಹಾಗೇ ಕೆರೆಯುತ್ತಿದ್ದರೆ ಇವತ್ತೇ ನಿಲ್ಲಿಸಿ. ಮಗುವನ್ನೂ, ಬಸುರಿ ಹೆಂಗಸರಿದ್ದರೆ ಅವರನ್ನೂ ಒಂದೆರಡು ದಿನ ನೆಂಟರ ಮನೆಗೆ ಕಳಿಸಿ. ಪೊರಕೆ ಹಿಡಿಯಬೇಡಿ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬಂದು ಮುಂದಿನದನ್ನು ಓದಿ.

ಸೀಸ ಯಾವುದು, ಯಾವುದಲ್ಲ

ಸೀಸ ಅಂದರೆ ಮೆತ್ತಗಿನ, ಭಾರವಾದ, ಬೂದು ಬಣ್ಣದ ಲೋಹ. ಪೇಂಟ್ ಡಬ್ಬಿಯ ಮೇಲೆ, ಲ್ಯಾಬ್ ವರದಿಯಲ್ಲಿ 'ಲೆಡ್' ಅಂತ ಬರೆದಿರುತ್ತದೆ. ಗೊಂದಲ ಹೆಸರಿನಿಂದಲೇ ಶುರುವಾಗುತ್ತದೆ. 'ಸೀಸದ ಕಡ್ಡಿ' ಅಂತ ನಾವು ಕರೆಯುವ ಪೆನ್ಸಿಲ್‌ನಲ್ಲಿ ಸೀಸ ಇಲ್ಲ. ಅದು ಗ್ರಾಫೈಟ್, ಇದ್ದಿಲಿನ ಜಾತಿಯದ್ದು. ಮಗು ಪೆನ್ಸಿಲ್ ಮೊನೆ ಕಚ್ಚಿತು ಅಂತ ಗಾಬರಿ ಬೇಡ.

ಮಲೆನಾಡಿನ ಹಳೇ ಮನೆಗಳ ನುಣುಪಾದ ಕೆಂಪು ನೆಲದ ಬಗ್ಗೆಯೂ ತುಂಬ ಜನ ಕೇಳುತ್ತಾರೆ. ಆ ರೆಡ್ ಆಕ್ಸೈಡ್ ಕಬ್ಬಿಣದ್ದು, ಅದಕ್ಕೂ ಸೀಸಕ್ಕೂ ಸಂಬಂಧವಿಲ್ಲ. ಗೋಡೆಗೆ ಬಳಿಯುವ ಸುಣ್ಣದಲ್ಲೂ ಈ ಭಯ ಇಲ್ಲ. ಆದರೆ ಗೇಟು, ಗ್ರಿಲ್ಲಿಗೆ ತುಕ್ಕು ಹಿಡಿಯಬಾರದೆಂದು ಮೊದಲ ಕೋಟ್ ಹಾಕುತ್ತಿದ್ದ ಕಿತ್ತಳೆಗೆಂಪು 'ರೆಡ್ ಲೆಡ್' ಪ್ರೈಮರ್ ಇದೆಯಲ್ಲ, ಅದು ಸೀಸದ್ದೇ. ಎರಡರದ್ದೂ ಕೆಂಪು ಬಣ್ಣ, ಹೆಸರೂ ಹತ್ತಿರ ಹತ್ತಿರ. ನೆಲದ ಮೇಲೆ ಮಗು ಆರಾಮಾಗಿ ಅಂಬೆಗಾಲಿಡಲಿ. ಸಿಪ್ಪೆ ಏಳುತ್ತಿರುವ ಗೇಟಿನ ಹತ್ತಿರ ಮಾತ್ರ ಬಿಡಬೇಡಿ.

ಮೈಯೊಳಗೆ ಹೋದ ಸೀಸವನ್ನು ದೇಹ ಕ್ಯಾಲ್ಸಿಯಂ ಅಂತಲೇ ತಿಳಿದು ಒಳಗೆ ಸೇರಿಸಿಕೊಳ್ಳುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು. ಮೂಳೆಗೆ ಸೇರಿದ್ದು ಹತ್ತಾರು ವರ್ಷ ಅಲ್ಲೇ ಕೂರುತ್ತದೆ. ಹೆಣ್ಣುಮಗಳು ಬಸುರಿಯಾದಾಗ ಮೂಳೆಯಿಂದ ಕ್ಯಾಲ್ಸಿಯಂ ಜೊತೆ ಈ ಹಳೇ ಸೀಸವೂ ಕರಗಿ ಹೊಟ್ಟೆಯಲ್ಲಿರುವ ಮಗುವಿಗೆ ಹೋಗುತ್ತದೆ. ದೊಡ್ಡವರ ಬಾಯಿಗೆ ಹೋದ ಸೀಸದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮೈಗೆ ಹತ್ತಿದರೆ, ಪುಟ್ಟ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹತ್ತುತ್ತದೆ. ಅದಕ್ಕೇ ಇಲ್ಲಿ ಪದೇ ಪದೇ ಮಕ್ಕಳ ಮಾತೇ ಬರುತ್ತದೆ.

ತೊಂದರೆ ಏನು? ಮಕ್ಕಳಲ್ಲಿ ಕಲಿಕೆ ಹಿಂದೆ ಬೀಳುವುದು, ಗಮನ ನಿಲ್ಲದಿರುವುದು, ಸಿಡಿಮಿಡಿ, ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ. ದೊಡ್ಡವರಲ್ಲಿ ಬಿಪಿ ಏರುವುದು, ಕಿಡ್ನಿ ಸೋಲುವುದು, ಗರ್ಭ ನಿಲ್ಲದಿರುವುದು. ಇದರಲ್ಲಿ ಒಂದೊಂದಕ್ಕೂ ಬೇರೆ ಹತ್ತು ಕಾರಣ ಇರಬಹುದು. ಅನೇಕ ಮಕ್ಕಳಲ್ಲಂತೂ ಹೊರಗೆ ಏನೂ ಕಾಣುವುದೇ ಇಲ್ಲ. ಇಷ್ಟರವರೆಗೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆ ಕೊಟ್ಟ ವರದಿಯ ಅಂದಾಜು ನೋಡಿ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಕ್ರಮ ಕೈಗೊಳ್ಳಬೇಕಾದಷ್ಟು ಸೀಸ ಇದೆ. ಅದರಲ್ಲಿ ದೊಡ್ಡ ಪಾಲು ನಮ್ಮ ದೇಶದ ಮಕ್ಕಳದ್ದು.

ಆದ್ದರಿಂದ ಔಷಧಿ ಹುಡುಕಿಕೊಂಡು ಓಡುವ ಮೊದಲು ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಮುಂದಿನ ಹಂತಗಳೆಲ್ಲ ಅದಕ್ಕೇ.

1. ಕೈಯಲ್ಲೊಂದು ನೋಟ್‌ಬುಕ್ ಹಿಡಿದು ಮನೆ ಸುತ್ತಿ

ಒಂದು ಭಾನುವಾರ ಬೆಳಿಗ್ಗೆ ಸಾಕು. ಮಗು ಎಲ್ಲೆಲ್ಲಿ ಕೂರುತ್ತದೆ, ಏನನ್ನು ಬಾಯಿಗೆ ಹಾಕುತ್ತದೆ ಅಂತ ಅದರ ಎತ್ತರದಲ್ಲಿ ಕೂತು ನೋಡಿ. ಕಿಟಕಿ ದಂಡೆ, ಬಾಗಿಲಿನ ಸಂದು, ತೊಟ್ಟಿಲಿನ ಕಂಬಿ, ಜಗಲಿಯ ಮೂಲೆ. ಕಿಟಕಿ ತೆಗೆದು ಹಾಕುವಾಗ ರೆಕ್ಕೆ ಉಜ್ಜುವ ಜಾಗದಲ್ಲಿ ಬಣ್ಣದ ಪುಡಿ ಬಿದ್ದಿರುತ್ತದೆ. ಅದನ್ನು ಬರೆದುಕೊಳ್ಳಿ.

ಬಣ್ಣ ಯಾವ ವರ್ಷದ್ದು ಅಂತ ಮನೆಯ ಹಿರಿಯರನ್ನು ಕೇಳಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಅನ್ನುವ ಕೇಂದ್ರದ ನಿಯಮ 2016ರಲ್ಲಿ ಬಂತು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕಿಂತ ಹಳೆಯ ಎಣ್ಣೆ ಬಣ್ಣ, ಅಂದರೆ ಎನಾಮೆಲ್, ಅನುಮಾನದ್ದೇ ಅಂತ ತಿಳಿಯಿರಿ. ಹಳದಿ, ಕೆಂಪು, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಸೀಸ ಜಾಸ್ತಿ ಇರುತ್ತಿತ್ತು. ಮೇಲೆ ಹೊಸ ಬಿಳಿ ಬಣ್ಣ ಇದ್ದ ಮಾತ್ರಕ್ಕೆ ಬಚಾವು ಅಂದುಕೊಳ್ಳಬೇಡಿ. ಕೀಲಿನ ಹತ್ತಿರ ಚಕ್ಕೆ ಎದ್ದ ಕಡೆ ನೋಡಿದರೆ ಅಜ್ಜನ ಕಾಲದಿಂದ ಬಂದ ಪದರಗಳೆಲ್ಲ ಒಂದರ ಕೆಳಗೊಂದು ಕಾಣುತ್ತವೆ.

ಮುಂದಿನ ಪುಟದಲ್ಲಿ ಮನೆಯವರ ಕೆಲಸಗಳನ್ನು ಬರೆಯಿರಿ. ಬ್ಯಾಟರಿ ಅಂಗಡಿ, ಪೇಂಟಿಂಗ್, ಗುಜರಿ, ರೇಡಿಯೇಟರ್ ರಿಪೇರಿ, ವೆಲ್ಡಿಂಗ್, ಬೆಸುಗೆ ಕೆಲಸ ಮಾಡುವವರು ಯಾರಾದರೂ ಇದ್ದಾರೆಯೇ? ಅವರ ಬಟ್ಟೆ, ಬೂಟು, ತಲೆಗೂದಲಲ್ಲಿ ಸೀಸದ ಧೂಳು ಮನೆಗೆ ಬರುತ್ತದೆ. ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡನ್ನು ಮನೆ ಹಿತ್ತಲಲ್ಲೇ ಕರಗಿಸಿ ಎರಕ ಹೊಯ್ಯುವವರಿದ್ದರೆ ಅದನ್ನು ಪಟ್ಟಿಯ ಮೊದಲಿಗೆ ಹಾಕಿ. ರಸ್ತೆಗೆ ಅಂಟಿಕೊಂಡ ಮನೆಯಾದರೆ ಅಂಗಳದ ಮಣ್ಣನ್ನೂ ಸೇರಿಸಿ. ನಮ್ಮಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಆವರೆಗೆ ಗಾಡಿಗಳು ಉಗುಳಿದ ಸೀಸ ರಸ್ತೆ ಬದಿಯ ಮಣ್ಣಿನಲ್ಲೇ ಉಳಿದಿರುತ್ತದೆ, ಅದು ಕೊಳೆಯುವ ವಸ್ತು ಅಲ್ಲ.

2. ಹಳೇ ಬಣ್ಣವನ್ನು ಸರಿಯಾಗಿ ನಿಭಾಯಿಸಿ

ಇದೇ ದೊಡ್ಡ ಹಂತ. ಜನ ತಪ್ಪು ಮಾಡುವುದೂ ಇಲ್ಲೇ ಜಾಸ್ತಿ.

ಮೂಡಿಗೆರೆ ಹತ್ತಿರ ನಮ್ಮ ನೆಂಟರ ಮನೆಯಲ್ಲಿ ನಾನು ಕಣ್ಣಾರೆ ಕಂಡದ್ದು. ಪೇಂಟರ್ ಹುಡುಗ ಹಸಿರು ಕಿಟಕಿಯನ್ನು ಎಮರಿ ಪೇಪರಿನಲ್ಲಿ ಒಣ ಒಣವಾಗಿ ಉಜ್ಜುತ್ತಿದ್ದ. ಚಿಕ್ಕಮ್ಮ ಹಿಂದೆಯೇ ಕಡ್ಡಿ ಪೊರಕೆಯಲ್ಲಿ ಗುಡಿಸುತ್ತಿದ್ದರು. ಹೆಂಚಿನ ಸಂದಿನಿಂದ ಇಳಿದ ಬಿಸಿಲುಕೋಲಿನಲ್ಲಿ ಆ ಪುಡಿ ಕುಣಿಯುತ್ತಿತ್ತು. ಅದರ ಕೆಳಗೇ ಚಾಪೆ, ಚಾಪೆಯ ಮೇಲೆ ಹತ್ತು ತಿಂಗಳ ಕೂಸು, ಕೂಸಿನ ಬಾಯಲ್ಲಿ ಅದರದೇ ಮುಷ್ಟಿ. ಅಲ್ಲಿದ್ದ ಯಾರಿಗೂ ಅದು ಅಪಾಯ ಅಂತ ಅನ್ನಿಸಲೇ ಇಲ್ಲ. ಬಣ್ಣದ ಮನೆಯಲ್ಲಿ ಧೂಳು ಇದ್ದದ್ದೇ ಅಂತ ನಾವೆಲ್ಲ ಸುಮ್ನೆ ಇದ್ದುಬಿಡುತ್ತೇವೆ.

ಮೊದಲು ತಿಳಿಯಬೇಕಾದ್ದು ಇಷ್ಟು: ಗಟ್ಟಿಯಾಗಿ ಕೂತ ಬಣ್ಣವನ್ನು ಕೆರೆಯುವ ಅಗತ್ಯವೇ ಇಲ್ಲ. ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಅದರ ಮೇಲೇ ಹೊಸ ಬಣ್ಣ ಹೊಡೆಯಿರಿ. ಕೆಳಗಿನ ಸೀಸ ಅಲ್ಲೇ ಮುಚ್ಚಿಹೋಗುತ್ತದೆ. ಕೆರೆಯಬೇಕಾದ್ದು ಸಿಪ್ಪೆ ಎದ್ದ ಕಡೆ, ಉಜ್ಜಿಕೊಳ್ಳುವ ಕಡೆ ಮಾತ್ರ. "ಪೂರ್ತಿ ಕೆರೆದರೇನೇ ಫಿನಿಶಿಂಗ್ ಚೆನ್ನಾಗಿ ಬರೋದು" ಅಂತ ಪೇಂಟರ್ ಹೇಳಬಹುದು. ಮಗು ಇರುವ ಮನೆ, ಫಿನಿಶಿಂಗ್ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅನ್ನಿ.

ಕೆರೆಯಲೇಬೇಕಾದರೆ ಹೀಗೆ ಮಾಡಿ. ಕೋಣೆ ಖಾಲಿ ಮಾಡಿ. ಹಾಸಿಗೆ, ಆಟಿಕೆ, ಪಾತ್ರೆ ಯಾವುದೂ ಅಲ್ಲಿರಬಾರದು. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚುಗಳನ್ನು ಟೇಪಿನಿಂದ ಅಂಟಿಸಿ. ಕಾಫಿ ಒಣಗಿಸುವ ಟಾರ್ಪಾಲನ್ನು ಮಾತ್ರ ತರಬೇಡಿ, ಮುಂದಿನ ತಿಂಗಳು ಅದರ ಮೇಲೇ ಮೆಣಸು ಹರಡುತ್ತೀರಿ. ಅದೇ ಕಾರಣಕ್ಕೆ ಕಿಟಕಿ ರೆಕ್ಕೆ ಬಿಚ್ಚಿ ಹೊರಗೆ ಕೆಲಸ ಮಾಡಿಸುವುದಾದರೆ ಕಣದಲ್ಲಿ ಬೇಡ, ಬಾವಿಕಟ್ಟೆ ಹತ್ತಿರವೂ ಬೇಡ.

ಬಣ್ಣವನ್ನು ಸ್ಪ್ರೇ ಬಾಟಲಿಯಿಂದ ಚೆನ್ನಾಗಿ ನೆನೆಸಿ. ಉಜ್ಜಲು ವಾಟರ್ ಪೇಪರ್ ಬಳಸಿ, ಅದು ನೀರು ಹಾಕಿ ಉಜ್ಜಲೆಂದೇ ಇರುವ ಕಾಗದ. ಒಣಗುತ್ತಾ ಬಂದರೆ ಮತ್ತೆ ನೀರು ಹೊಡೆಯಿರಿ. ಬ್ಲೋ ಲ್ಯಾಂಪ್ ಹಚ್ಚಿ ಬಣ್ಣ ಸುಡಬೇಡಿ, ಸೀಸ ಹೊಗೆಯಾಗಿ ನೇರ ಶ್ವಾಸಕ್ಕೆ ಹೋಗುತ್ತದೆ. ಮಿಷನ್ನಿನಲ್ಲಿ ಉಜ್ಜಿಸುವುದೂ ಬೇಡ. ಕೆಲಸ ಮಾಡುವವರಿಗೆ ಎನ್-95 ಮಾಸ್ಕ್ ಕೊಡಿ. ಮುಖಕ್ಕೆ ಟವೆಲ್ ಕಟ್ಟಿದರೆ ಈ ನುಣ್ಣನೆ ಧೂಳು ನಿಲ್ಲುವುದಿಲ್ಲ. ಅವರು ಕೈ ಮುಖ ತೊಳೆಯದೆ ಊಟಕ್ಕೆ, ಬೀಡಿಗೆ ಕೂರದಂತೆ ನೋಡಿಕೊಳ್ಳಿ. ಸಂಜೆ ಬಟ್ಟೆ ಬದಲಿಸಿ ಹೋಗಲು ಒಂದು ಜಾಗ ಮಾಡಿಕೊಡಿ. ನಮ್ಮ ಮನೆಯಲ್ಲಿ ಈ ಧೂಳು ನಾಲ್ಕು ದಿನದ್ದು, ಅವರಿಗೆ ವರ್ಷಪೂರ್ತಿಯದ್ದು. ಅವರ ಮನೆಯಲ್ಲೂ ಮಕ್ಕಳಿದ್ದಾರೆ.

ಕೆಲಸ ಮುಗಿದ ಮೇಲೆ ಕಸವನ್ನು ಒದ್ದೆಯಾಗಿದ್ದಾಗಲೇ ಪ್ಲಾಸ್ಟಿಕ್ ಹಾಳೆಯ ಸಮೇತ ಸುತ್ತಿ, ಎರಡು ಚೀಲದೊಳಗೆ ಕಟ್ಟಿ. ಅದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಸುಡಬೇಡಿ. ಕಸದ ಗಾಡಿಯವರಿಗೆ ಬೇರೆಯಾಗಿ, ಇಂಥದ್ದು ಅಂತ ಹೇಳಿ ಕೊಡಿ. ನೆಲಕ್ಕೆ ಎರಡು ಬಕೆಟ್ ಬೇಕು. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಒಮ್ಮೆ ಒರೆಸಿ, ಮಾರನೇ ದಿನ ಧೂಳು ಕೂತ ಮೇಲೆ ಇನ್ನೊಮ್ಮೆ ಒರೆಸಿ. ಆ ಬಟ್ಟೆಯನ್ನು ಅಡುಗೆಮನೆಗೆ ಒಯ್ಯದೆ ಎಸೆದುಬಿಡಿ.

ಇನ್ನೊಂದು ಸಂಗತಿ ನಮ್ಮ ಕಡೆಯದ್ದೇ. ಬಿಚ್ಚಿದ ಹಳೇ ಕಿಟಕಿ, ಚೌಕಟ್ಟು ಕೊನೆಗೆ ಹೋಗುವುದು ನೀರೊಲೆಗೆ. ಚೆನ್ನಾಗಿ ಒಣಗಿದ ಮರ, ಹಂಡೆ ನೀರು ಬೇಗ ಕಾಯುತ್ತದೆ. ಆದರೆ ಮೇಲಿನ ಬಣ್ಣದ ಸೀಸ ಸ್ವಲ್ಪ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಅದೇ ಬೂದಿಯಲ್ಲಿ ಪಾತ್ರೆ ಉಜ್ಜುತ್ತೇವೆ, ಅದನ್ನೇ ಸೊಪ್ಪಿನ ಮಡಿಗೆ ಎರಚುತ್ತೇವೆ. ಬಣ್ಣ ಬಳಿದ ಮರವನ್ನು ಯಾವ ಒಲೆಗೂ ಹಾಕಬೇಡಿ. ಈಗಾಗಲೇ ಸುಟ್ಟಿದ್ದರೆ ಆ ಬೂದಿಯನ್ನು ಪಾತ್ರೆಗೂ ಗಿಡಕ್ಕೂ ಬಳಸದೆ ನೀರು ಚಿಮುಕಿಸಿ, ಚೀಲಕ್ಕೆ ತುಂಬಿ, ಬಣ್ಣದ ಕಸದ ಜೊತೆಗೇ ಕೊಟ್ಟುಬಿಡಿ.

ಹೊಸ ಡಬ್ಬಿ ಕೊಳ್ಳುವಾಗ ಸೀಸ 90 ಪಿಪಿಎಂಗಿಂತ ಕಡಿಮೆ ಅಂತ ಲೇಬಲ್ಲಿನಲ್ಲಿ ಬರೆದಿದೆಯೇ ನೋಡಿ. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಅಂತ. ಈ ನಿಯಮ ಮನೆ ಬಣ್ಣಕ್ಕೆ ಮಾತ್ರ. ಕೈಗಾರಿಕೆಗೆ ಬಳಸುವ ಬಣ್ಣ ಅಗ್ಗಕ್ಕೆ ಸಿಕ್ಕಿತು ಅಂತ ತೊಟ್ಟಿಲಿಗೋ ಜೋಕಾಲಿಗೋ ಬಳಿಯಬೇಡಿ.

3. ಬ್ಯಾಟರಿಗೆ ಮನೆಯೊಳಗೆ ಜಾಗ ಕೊಡಬೇಡಿ

ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ಊರುಗಳಲ್ಲಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ. ತೋಟದ ಸೋಲಾರ್ ಬೇಲಿಗೂ ಬ್ಯಾಟರಿ ಬೇಕು. ನೀರು ಹಾಕುವ ಆ ದೊಡ್ಡ ಬ್ಯಾಟರಿಗಳ ಒಳಗಿರುವುದು ಸೀಸದ ತಗಡು ಮತ್ತು ಆಸಿಡ್. ಗಟ್ಟಿಯಾಗಿ ಮುಚ್ಚಿದ್ದಾಗ ಸೀಸ ಹೊರಗೆ ಬರುವುದಿಲ್ಲ. ಬಿಚ್ಚಿದಾಗ, ಒಡೆದಾಗ, ಸೋರಿದಾಗ ಬರುತ್ತದೆ.

ಅದನ್ನು ಮಗುವಿನ ಕೈಗೆ ಸಿಗದ ಕಡೆ, ಗಾಳಿಯಾಡುವಲ್ಲಿ ಟ್ರೇ ಮೇಲೆ ಇಡಿ. ಡಿಸ್ಟಿಲ್ಡ್ ವಾಟರ್ ಹಾಕುವಾಗ ಗ್ಲೌಸ್ ಇರಲಿ. ಟರ್ಮಿನಲ್ ಮೇಲಿನ ಪುಡಿಯನ್ನು ಬರಿಗೈಯಲ್ಲಿ ಕೆರೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಸತ್ತ ಬ್ಯಾಟರಿಯನ್ನು ಮನೆಯಲ್ಲಿ ಒಡೆದು ತಗಡು ಮಾರಿದರೆ ನಾಲ್ಕು ಕಾಸು ಜಾಸ್ತಿ ಸಿಗಬಹುದು. ಆದರೆ ಆಸಿಡ್ ಚೆಲ್ಲಿದ ಆ ಹಿತ್ತಲು ಮುಂದೆ ಸೊಪ್ಪು ಬೆಳೆಯುವುದಕ್ಕೂ, ಕೋಳಿ ಕೆದಕುವುದಕ್ಕೂ, ಮಗು ಆಡುವುದಕ್ಕೂ ಯೋಗ್ಯವಲ್ಲ. ಹೊಸದು ತರುವಾಗ ಹಳೆಯದನ್ನು ಡೀಲರಿಗೇ ಕೊಡಿ, ಬೆಲೆಯಲ್ಲಿ ಕಡಿತ ಕೇಳಿ ಪಡೆಯಿರಿ. ಹಳೇ ಬ್ಯಾಟರಿ ವಾಪಸ್ ಸೇರಬೇಕಾದ ಕಡೆ ಸೇರಿಸುವ ಹೊಣೆ ತಯಾರಕರದ್ದು ಅಂತ 2022ರ ನಿಯಮವೇ ಹೇಳುತ್ತದೆ.

ಬ್ಯಾಟರಿ, ಗುಜರಿ ಕೆಲಸದವರು ಮನೆಗೆ ಬಂದ ಕೂಡಲೇ ಮಗುವನ್ನು ಎತ್ತಿಕೊಳ್ಳಬೇಡಿ. ಕಷ್ಟದ ಮಾತು ಅಂತ ಗೊತ್ತು, ದಿನವಿಡೀ ಕಾದ ಮಗು ಓಡಿ ಬರುತ್ತದೆ. ಮೊದಲು ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಿ. ಕೆಲಸದ ಬಟ್ಟೆಯನ್ನು ಬೇರೆ ಬಕೆಟ್‌ನಲ್ಲಿ ಒಗೆಯಿರಿ.

4. ಅಡುಗೆಮನೆಯಲ್ಲಿ ಕಲಾಯಿ, ಅರಿಶಿನ, ನೀರು

ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಅಡುಗೆ ಮಾಡುವವರು ಒಳಗೆ ಕಲಾಯಿ ಹಾಕಿಸುತ್ತಾರೆ. ಕಲಾಯಿ ಅಂದರೆ ಶುದ್ಧ ತವರದ ತೆಳು ಲೇಪ. ತವರ ದುಬಾರಿ, ಸೀಸ ಅಗ್ಗ. ಬೆರಕೆ ಆಗುವುದು ಅಲ್ಲಿಯೇ. ಕಲಾಯಿಯವನು ಪಾತ್ರೆ ಕಾಯಿಸಿ, ನವಸಾಗರ ಎರಚಿ, ಬಿಳಿ ಹೊಗೆ ಏಳುತ್ತಿದ್ದಂತೆ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒರೆಸುತ್ತಾನಲ್ಲ, ಆ ಕಡ್ಡಿಯನ್ನು ಮೊದಲೇ ಕೇಳಿ ನೋಡಿ. ಬಿಳಿ ಕಾಗದದ ಮೇಲೆ ಗೀರಿ. ಸೀಸ ಜಾಸ್ತಿ ಇದ್ದರೆ ಪೆನ್ಸಿಲ್ ಹಾಗೆ ಬೂದು ಗೆರೆ ಬೀಳುತ್ತದೆ. ಶುದ್ಧ ತವರದ ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿದರೆ ಚಟಚಟ ಸಣ್ಣ ಸದ್ದು ಕೇಳುತ್ತದೆ, ಸೀಸ ಸದ್ದಿಲ್ಲದೆ ಬಗ್ಗುತ್ತದೆ. ಸ್ವಲ್ಪ ಬೆರಕೆ ಇದ್ದರೆ ಈ ಪರೀಕ್ಷೆಗಳಲ್ಲಿ ಗೊತ್ತಾಗುವುದಿಲ್ಲ. ಆದ್ದರಿಂದ ತವರವನ್ನು ನಂಬಿಕೆಯ ಅಂಗಡಿಯಿಂದ ನೀವೇ ತಂದು ಕೊಡಿ. ರೇಡಿಯೋ ರಿಪೇರಿಯ ಬೆಸುಗೆ ಕಡ್ಡಿಯನ್ನು ಕಲಾಯಿಗೆ ಬಳಸಲು ಬಿಡಬೇಡಿ. ಅಷ್ಟೆಲ್ಲ ಆಗದಿದ್ದರೆ ಸಾರು, ಗೊಜ್ಜು, ಹುಣಸೆಹುಳಿಯ ಅಡುಗೆಗೆ ಸ್ಟೀಲ್ ಪಾತ್ರೆ ಸಾಕು. ಗುಜರಿ ಅಲ್ಯೂಮಿನಿಯಂ ಕರಗಿಸಿ ಮಾಡಿದ ಹೆಸರಿಲ್ಲದ ಅಗ್ಗದ ಪಾತ್ರೆಗೂ ಇದೇ ಮಾತು. ಅಂಥವುಗಳಿಂದ ಸೀಸ ಬಿಡುವುದು ಪರೀಕ್ಷೆಗಳಲ್ಲಿ ಕಂಡಿದೆ.

ಅರಿಶಿನದ ಬಣ್ಣ ಹೊಳೆಯಲಿ ಅಂತ ಬೆರೆಸುವ ಒಂದು ಹಳದಿ ಪುಡಿ ಇದೆ, ಲೆಡ್ ಕ್ರೋಮೇಟ್. ಪೇಂಟಿಗೆ ಹಾಕುವ ಸೀಸದ ಬಣ್ಣವೇ ಅದು. ಕೊಂಬು ತಂದು ಮಿಲ್ಲು ಮಾಡಿಸಿದರೆ ಭಯವಿಲ್ಲ ಅಂತ ಅನೇಕರು ನಂಬಿದ್ದಾರೆ. ಪಾಲಿಶ್ ಮಾಡುವಾಗ ಕೊಂಬಿಗೇ ಈ ಪುಡಿ ಬಳಿಯುವುದುಂಟು. ಒಂದು ಗಾಜಿನ ಲೋಟದ ನೀರಿಗೆ ಕೊಂಬು ಹಾಕಿ ನೋಡಿ. ತಕ್ಷಣ ಗಾಢ ಹಳದಿ ಬಣ್ಣ ಬಿಟ್ಟರೆ ಅದು ಬೇಡ. ಬಣ್ಣ ಬಿಡಲಿಲ್ಲ ಅಂದರೆ ಪೂರ್ತಿ ಶುದ್ಧ ಅಂತೇನೂ ಅಲ್ಲ, ಖಚಿತ ಉತ್ತರ ಲ್ಯಾಬಿನದ್ದೇ. ಮಂಕು ಹಳದಿಯ, ಪಾಲಿಶ್ ಇಲ್ಲದ ಕೊಂಬನ್ನು ಬೆಳೆದವರಿಂದಲೇ ಕೊಂಡರೆ ಮನಸ್ಸಿಗೆ ಹೆಚ್ಚು ನೆಮ್ಮದಿ.

ನೀರು: ಹಳೇ ಪೈಪು, ಹಿತ್ತಾಳೆ ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರಿಗೆ ಸೀಸ ಇಳಿಯಬಹುದು. ಬೆಳಗಿನ ಮೊದಲ ಒಂದೆರಡು ನಿಮಿಷದ ನೀರನ್ನು ಬಕೆಟ್‌ಗೆ ಹಿಡಿದು ಬಚ್ಚಲಿಗೆ ಬಳಸಿ, ಆಮೇಲಿನದ್ದನ್ನು ಕುಡಿಯಿರಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಹೋಗುವುದಿಲ್ಲ.

5. ಪೂಜಾ ಸಾಮಾನು, ಕಾಡಿಗೆ, ಭಸ್ಮ

ಅರಿಶಿನ, ಸುಣ್ಣದಿಂದ ಮಾಡಿದ ಕುಂಕುಮದಲ್ಲಿ ತೊಂದರೆ ಇಲ್ಲ. ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಗ್ಗದ ಸಿಂಧೂರದಲ್ಲಿ ಮೊದಲು ಹೇಳಿದ ರೆಡ್ ಲೆಡ್ಡೇ ಇರಬಹುದು. ದೇವರಿಗೆ ಹಚ್ಚಿದ ಕೈಯನ್ನು ತೊಳೆದೇ ಪ್ರಸಾದ ಮುಟ್ಟಿ, ಮಗುವಿನ ಹಣೆಗೆ ಅದನ್ನು ಇಡಬೇಡಿ. ದೀಪದ ಮಸಿಯಿಂದ ಮನೆಯಲ್ಲಿ ಮಾಡಿದ ಕಾಡಿಗೆಯಲ್ಲಿ ಸೀಸ ಇರುವುದಿಲ್ಲ. ಕಲ್ಲು ಅರೆದು ಮಾಡುವ ಸುರ್ಮಾದಲ್ಲಿ ಇರುತ್ತದೆ, ಕೆಲವು ಸಲ ಅದು ಬಹುಪಾಲು ಸೀಸದ ಅದಿರೇ.

ಭಸ್ಮದ ಔಷಧಿಗಳ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರ ಆಗುತ್ತದೆ. ಆದರೂ ಹೇಳಲೇಬೇಕು. 'ನಾಗ' ಅಂದರೆ ಆಯುರ್ವೇದದ ಮಾತಿನಲ್ಲಿ ಸೀಸ. ನಾಗಭಸ್ಮ ಸೀಸದಿಂದಲೇ ಮಾಡಿದ್ದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಟರ್ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೊಪ್ಪು, ಬೇರಿನ ಕಷಾಯದ ಮಾತಲ್ಲ ಇದು. ಲೇಬಲ್ ಇಲ್ಲದ ಪುಡಿ, ಗುಳಿಗೆಯನ್ನು ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಕೊಡಬೇಡಿ.

6. ರಕ್ತ ಪರೀಕ್ಷೆ ಯಾವಾಗ, ಹೇಗೆ

ಮೊದಲ ಹಂತದ ಪಟ್ಟಿಯಲ್ಲಿ ಏನಾದರೂ ಸಿಕ್ಕಿದ್ದರೆ, ಮಗು ಮಣ್ಣು, ಬಳಪ, ಗೋಡೆಯ ಚಕ್ಕೆ ತಿನ್ನುತ್ತಿದ್ದರೆ, ಇಲ್ಲವೇ ಮನೆಯಲ್ಲಿ ಬ್ಯಾಟರಿ, ಪೇಂಟಿಂಗ್ ಕೆಲಸದವರಿದ್ದರೆ ಪರೀಕ್ಷೆ ಮಾಡಿಸಿ. ಹಾಸನದ ಹಿಮ್ಸ್ ಅಥವಾ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ಮನೆಯ ಪಟ್ಟಿಯನ್ನೇ ತೋರಿಸಿ ಕೇಳಿ. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಸೀಸ ಗೊತ್ತಾಗುವುದಿಲ್ಲ. ಚೀಟಿಯಲ್ಲಿ 'ಬ್ಲಡ್ ಲೆಡ್ ಲೆವೆಲ್' ಅಂತ ಬೇರೆಯಾಗಿ ಬರೆಸಬೇಕು. ಊರಿನ ಲ್ಯಾಬಿನವರು ರಕ್ತ ತೆಗೆದು ದೊಡ್ಡ ಲ್ಯಾಬಿಗೆ ಕಳಿಸುವುದೇ ಸಾಮಾನ್ಯ, ವರದಿಗೆ ಕೆಲವು ದಿನ ಕಾಯಬೇಕು.

ಇಲ್ಲಿ ಎಡವುವ ಜಾಗಗಳಿವೆ. ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಧೂಳು ಸೇರಿ ಅಂಕಿ ಸುಳ್ಳೇ ಏರಬಹುದು. ಜಾಸ್ತಿ ಬಂದರೆ ರಕ್ತನಾಳದಿಂದ ತೆಗೆಸಿ ಇನ್ನೊಮ್ಮೆ ನೋಡಿಸಿ. ಕೂದಲು ಪರೀಕ್ಷೆ ಮಾಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ, ಅದನ್ನು ನಂಬುವ ಹಾಗಿಲ್ಲ. ವರದಿಯಲ್ಲಿ ಅಳತೆ ಏನೆಂದು ನೋಡಿ. ಇಲ್ಲಿ ಕೊಡುವ ಅಂಕಿಗಳು ಒಂದು ಡೆಸಿಲೀಟರ್, ಅಂದರೆ 100 ಮಿಲಿ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಅನ್ನುವ ಲೆಕ್ಕದ್ದು. ಕೆಲವು ಲ್ಯಾಬುಗಳು ಒಂದು ಲೀಟರಿನ ಲೆಕ್ಕ ಕೊಡುತ್ತವೆ. ಅದನ್ನು 10ರಿಂದ ಭಾಗಿಸಿ. ಲೀಟರಿಗೆ 50 ಅಂತ ಕಂಡು ಹೆದರಿದವರ ನಿಜವಾದ ಅಂಕಿ 5.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಿಂದ ಮಕ್ಕಳಿಗೆ 3.5 ಮೈಕ್ರೋಗ್ರಾಂ ಅನ್ನು ಎಚ್ಚರಿಕೆಯ ಗೆರೆ ಮಾಡಿಕೊಂಡಿದೆ. 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೂಲ ಹುಡುಕಿ ನಿಲ್ಲಿಸಲೇಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. 45 ಮುಟ್ಟಿದರೆ ಮಕ್ಕಳಿಗೆ ಕೀಲೇಷನ್ ಬೇಕಾಗುತ್ತದೆ. ಅಂದರೆ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ. ಅದನ್ನು ಅನುಭವಿ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಡಿಟಾಕ್ಸ್ ಪುಡಿ, ಜ್ಯೂಸ್ ಅದರ ಬದಲಿ ಅಲ್ಲ. ಚಿಕಿತ್ಸೆ ಮುಗಿಸಿ ಮಗು ಅದೇ ಧೂಳಿನ ಮನೆಗೆ ವಾಪಸ್ ಬಂದರೆ ಅಂಕಿ ಮತ್ತೆ ಏರುತ್ತದೆ. ಮಗುವಿಗೆ ಫಿಟ್ಸ್ ಬಂದರೆ, ವಾಂತಿ ನಿಲ್ಲದಿದ್ದರೆ, ಮಂಪರು ಹಿಡಿದರೆ ವರದಿಗೆ ಕಾಯದೆ ಆಸ್ಪತ್ರೆಗೆ ಓಡಿ.

45ಕ್ಕಿಂತ ಕೆಳಗಿನ ಬಹುತೇಕ ಮಕ್ಕಳಿಗೆ ಮೂಲ ನಿಲ್ಲಿಸುವುದು, ಊಟ ಸರಿಮಾಡುವುದು, ಒಂದರಿಂದ ಮೂರು ತಿಂಗಳೊಳಗೆ ಮತ್ತೆ ಪರೀಕ್ಷೆ ಮಾಡಿಸುವುದು ಮುಖ್ಯ. ಎರಡನೇ ಅಂಕಿ ಇಳಿಯದಿದ್ದರೆ ನಿಮ್ಮ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ. ನೋಟ್‌ಬುಕ್ ಹಿಡಿದು ಇನ್ನೊಂದು ಸುತ್ತು ಬನ್ನಿ.

7. ಊಟ

ಹೊಟ್ಟೆ ಖಾಲಿ ಇದ್ದಾಗ, ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆ ಇದ್ದಾಗ ಸೀಸ ಮೈಗೆ ಜಾಸ್ತಿ ಹತ್ತುತ್ತದೆ. ನಮ್ಮ ಪುಣ್ಯ, ರಾಗಿ ನಮ್ಮ ಊಟದಲ್ಲೇ ಇದೆ. ಧಾನ್ಯಗಳಲ್ಲಿ ಅದರಷ್ಟು ಕ್ಯಾಲ್ಸಿಯಂ ಇರುವುದು ಅಪರೂಪ. ಮುದ್ದೆ, ಹುರುಳಿ ಕಾಳು, ಸೊಪ್ಪಿನ ಸಾರು, ಹಾಲು, ಮೊಟ್ಟೆ, ಜೊತೆಗೆ ನಿಂಬೆ ಇಲ್ಲವೇ ನೆಲ್ಲಿಕಾಯಿ ಕೊಡಿ. ಹುಳಿಯಿಂದ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಮಕ್ಕಳಿಗೆ ಕಾಫಿ, ಟೀ ಕುಡಿಸುವ ಅಭ್ಯಾಸ ನಮ್ಮ ಸೀಮೆಯಲ್ಲಿ ಜಾಸ್ತಿ. ಅದು ಕಬ್ಬಿಣಾಂಶವನ್ನು ತಡೆಯುತ್ತದೆ, ದಯವಿಟ್ಟು ಬಿಡಿಸಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ. ಮತ್ತೆ, ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆಸುವುದು.

8. ಸೀಸ ಅಲ್ಲದ ಮೂರು ವಿಷ

ಬೋರ್‌ವೆಲ್ ನೀರಿನ ಫ್ಲೋರೈಡ್. ಬಯಲುಸೀಮೆಯ ಆಳದ ಬೋರ್‌ವೆಲ್‌ಗಳಲ್ಲಿ, ಕಡೂರು, ಅರಸೀಕೆರೆ ಭಾಗದಲ್ಲೂ, ಇದು ಹಳೇ ತೊಂದರೆ. ಮಕ್ಕಳ ಹಲ್ಲಿನ ಮೇಲೆ ಬಿಳಿ ಗೆರೆ, ಕಂದು ಕಲೆ ಕಂಡರೆ ನೀರು ಪರೀಕ್ಷಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ನೀರು ಆರಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಆರ್‌ಒ ನೀರು ಅಥವಾ ಮಳೆನೀರು ಹಿಡಿದು ಕುಡಿಯುವುದು ದಾರಿ.

ಕಾರ್ಬನ್ ಮಾನಾಕ್ಸೈಡ್. ಇದು ಬಣ್ಣ, ವಾಸನೆ ಯಾವುದೂ ಇಲ್ಲದ ಅನಿಲ. ಚಳಿಗೆ ಅಗ್ಗಿಷ್ಟಿಕೆಯ ಕೆಂಡವನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಬೇಡಿ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಲಿ, ಕಿಟಕಿ ತೆರೆದಿರಲಿ. ತಲೆ ಸುತ್ತಿದರೆ ಮೊದಲು ಹೊರಗೆ ಬನ್ನಿ.

ಮೂರನೆಯದು ತೋಟಕ್ಕೆ, ಆಲೂಗಡ್ಡೆ ಹೊಲಕ್ಕೆ ಹೊಡೆಯುವ ಕೀಟನಾಶಕ. ನಾವು ಅದನ್ನು 'ಔಷಧಿ' ಅಂತ ಕರೆಯುತ್ತೇವೆ. ಆ ಹೆಸರಿನಿಂದಲೇ ಭಯ ಕಡಿಮೆಯಾಗಿದೆ. ಡಬ್ಬಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ವಿಷವೇ. ಕೈಯಲ್ಲಿ ಕಲಕಬೇಡಿ, ಗಾಳಿಗೆ ಎದುರಾಗಿ ಹೊಡೆಯಬೇಡಿ. ಉಳಿದದ್ದನ್ನು ಜ್ಯೂಸ್ ಬಾಟಲಿಗೆ ಹಾಕಿಡಬೇಡಿ, ಖಾಲಿ ಕ್ಯಾನಿನಲ್ಲಿ ನೀರು ಹಿಡಿಯಬೇಡಿ.

ಹೊಡೆದು ಬಂದವರಿಗೆ ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಚುಕ್ಕಿಯಷ್ಟು ಸಣ್ಣಗಾಗುವುದು, ಉಸಿರಾಟಕ್ಕೆ ಕಷ್ಟ ಕಂಡರೆ ಬಟ್ಟೆ ಬಿಚ್ಚಿ ಸೋಪು ಹಾಕಿ ಮೈ ತೊಳೆಯಿರಿ. ತೊಳೆಯುವವರು ಗ್ಲೌಸ್ ಹಾಕಿಕೊಳ್ಳಿ. ಉಪ್ಪು ನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಿಷ ಶ್ವಾಸಕೋಶಕ್ಕೆ ಹೋಗುತ್ತದೆ. 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800-116-117. ಹೊರಡುವಾಗ ಆ ಡಬ್ಬಿಯನ್ನು ಕವರಿನಲ್ಲಿ ಹಾಕಿ ಜೊತೆಗೆ ತೆಗೆದುಕೊಂಡು ಹೋಗಿ. ಯಾವ ವಿಷ ಅಂತ ಲೇಬಲ್ ನೋಡಿದ ಕೂಡಲೇ ವೈದ್ಯರಿಗೆ ತಿಳಿಯುತ್ತದೆ.